ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕೊಳ್ಳುವ ಮುಂಚೆ: ಗೇರ್ ಬಾಕ್ಸನ್ನು ತಣ್ಣಗಿದ್ದಾಗ ನೋಡಿ, ಬಿಸಿಯಾದಾಗಲೂ ನೋಡಿ

ಭಾವನವರ ಎಡಮಂಡಿ ಹಿಡಿದುಕೊಂಡು ಎರಡು ವರ್ಷವಾಗಿತ್ತು. ತುಮಕೂರಿನಿಂದ ಗುಬ್ಬಿಗೆ ದಿನಾ ಹೋಗಿಬರುವ ಕೆಲಸ. ಬಿ.ಎಚ್. ರಸ್ತೆಯಲ್ಲಿ ಕ್ಲಚ್ ಒತ್ತಿ ಒತ್ತಿ, ಸಂಜೆ ಮನೆಗೆ ಬರುವ ಹೊತ್ತಿಗೆ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಡಾಕ್ಟರು ಆಟೋಮ್ಯಾಟಿಕ್ ಗಾಡಿಗೆ ಬದಲಾಯಿಸಿಕೊಳ್ಳಿ ಎಂದರು. ಹೊಸದು ಕೈಗೆಟುಕಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕಲು ನಾನೂ ಜೊತೆಗೆ ಹೊರಟೆ.

ಮೊದಲ ಗಾಡಿ ನೋಡಿದ್ದು ಬಟವಾಡಿಯ ಹತ್ತಿರ, ಒಂದು ಭಾನುವಾರ ಹನ್ನೊಂದು ಗಂಟೆಗೆ. ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿದ್ದರು, ತೊಳೆದು ಮಿರಿಮಿರಿ ಮಿಂಚುತ್ತಿತ್ತು. ಬಾನೆಟ್ ಮೇಲೆ ಕೈಯಿಟ್ಟೆ. ನೆರಳಲ್ಲಿದ್ದರೂ ಒಲೆಯಿಂದ ಈಗಷ್ಟೇ ಇಳಿಸಿದ ಹೆಂಚಿನಂತೆ ಕಾದಿತ್ತು. "ಈಗ ತಾನೆ ವಾಟರ್ ವಾಶ್ ಮಾಡಿಸ್ಕೊಂಡ್ ಬಂದೆ ಸಾರ್" ಎಂದರು ಮಾರುವವರು. ಓಡಿಸಿ ನೋಡಿದೆವು, ಬೆಣ್ಣೆಯ ಹಾಗೆ ಹೋಯಿತು. ಭಾವ ಅಡ್ವಾನ್ಸ್ ಕೊಡಲು ಜೇಬಿಗೆ ಕೈಹಾಕಿದರು. "ನಾಳೆ ಬೆಳಿಗ್ಗೆ ಇನ್ನೊಂದ್ ಸಲ ನೋಡೋಣ ಇರಿ ಭಾವ" ಎಂದು ತಡೆದೆ. ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೂ ಹೇಳಿ ಬಂದೆವು.

ಸೋಮವಾರ ಆರೂವರೆ. ಗಾಜಿನ ಮೇಲೆ ಇಬ್ಬನಿ. ಭಾವ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ ಲಿವರನ್ನು 'ಆರ್'ಗೆ, ಅಂದರೆ ರಿವರ್ಸಿಗೆ ತಂದರು. ಏನೂ ಆಗಲಿಲ್ಲ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದೆ. ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ 'ದಡ್' ಎಂದು ಇಡೀ ಗಾಡಿ ಅಲುಗಿ ಗೇರ್ ಹಿಡಿಯಿತು. ಅದೇ ಗಾಡಿ, ಅದೇ ಗೇರ್ ಬಾಕ್ಸ್. ನಿನ್ನೆಗೂ ಇವತ್ತಿಗೂ ಬದಲಾಗಿದ್ದು ಅದರೊಳಗಿನ ಆಯಿಲಿನ ಬಿಸಿ ಮಾತ್ರ.

ಮ್ಯಾನ್ಯುಯಲ್ ಗಾಡಿಯನ್ನು ಕೊಳ್ಳುವಾಗ ನಮಗೆಲ್ಲ ಏನು ನೋಡಬೇಕೆಂದು ಗೊತ್ತು. ಕ್ಲಚ್ ಎಷ್ಟು ಮೇಲೆ ಹಿಡಿಯುತ್ತದೆ, ಗೇರ್ ಕಚ್ಚುತ್ತದೆಯೇ ಎಂದು ಕಾಲಿಗೂ ಕೈಗೂ ತಿಳಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ಕಾಲು, ಆ ಕೈ ಎರಡೂ ಗಾಡಿಯ ಒಳಗಿವೆ. ಅವುಗಳ ನೋವು ನಮಗೆ ತಿಳಿಯಬೇಕಾದರೆ ಬೇರೆ ದಾರಿ ಹಿಡಿಯಬೇಕು.

ಈಗ ಯಾಕೆ ಈ ಮಾತು

ಹದಿನೈದು ವರ್ಷದ ಹಿಂದೆ ನಮ್ಮ ಊರಿನಲ್ಲಿ ಆಟೋಮ್ಯಾಟಿಕ್ ಎಂದರೆ ದೊಡ್ಡವರ ಗಾಡಿ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಎಂಬ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಹೊತ್ತು ಬಂದಮೇಲೆ ಲೆಕ್ಕ ಬದಲಾಯಿತು. ಮಧ್ಯಮ ವರ್ಗದ ಮನೆಗಳೂ ಆಟೋಮ್ಯಾಟಿಕ್ ಕೊಂಡವು, ಅದರಲ್ಲೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೇಸತ್ತವರು. ಆ ಗಾಡಿಗಳಿಗೆಲ್ಲ ಈಗ ಎಂಟು, ಹತ್ತು ವರ್ಷ ವಯಸ್ಸು. ಮೊದಲ ಮಾಲೀಕರ ಕೈದಾಟಿ ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿಗೂ, ಅತ್ತ ಕೋಲಾರ, ಚಿಕ್ಕಬಳ್ಳಾಪುರಕ್ಕೂ ಬರುತ್ತಿವೆ. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇದು ಮೊದಲ ಆಟೋಮ್ಯಾಟಿಕ್. ನೋಡಿಕೊಡುವ ನಮ್ಮ ಮೆಕಾನಿಕ್‌ಗಳಲ್ಲೂ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವವರಿದ್ದಾರೆ, ಆದರೆ ಈ ಪೆಟ್ಟಿಗೆಯನ್ನು ಬಿಚ್ಚಿ ನೋಡಿದವರು ಕಡಿಮೆ.

ಗೇರ್ ಬಾಕ್ಸ್ ಮಾಡುವ ಕೆಲಸ

ಗೇರ್ ಇರುವ ಸೈಕಲ್ ತುಳಿದವರಿಗೆ ಇದು ಗೊತ್ತೇ ಇದೆ. ಏರಿನಲ್ಲಿ ಹಗುರ ಗೇರ್ ಹಾಕಿದರೆ ಪೆಡಲ್ ಬೇಗ ಬೇಗ ತಿರುಗುತ್ತದೆ, ಚಕ್ರ ನಿಧಾನ ಹೋಗುತ್ತದೆ, ಆದರೆ ಬಲ ಸಿಗುತ್ತದೆ. ಸಮತಟ್ಟಿನಲ್ಲಿ ಗಟ್ಟಿ ಗೇರ್ ಹಾಕಿದರೆ ಪೆಡಲ್ ನಿಧಾನ, ಚಕ್ರ ವೇಗ. ಎಂಜಿನ್ ನಿಮಿಷಕ್ಕೆ ಸುಮಾರು 800ರಿಂದ 6,000 ಸುತ್ತಿನ ನಡುವೆಯೇ ಕೆಲಸ ಮಾಡಬೇಕು, ಚಕ್ರ ಮಾತ್ರ ನಿಂತಲ್ಲಿಂದ ಹಿಡಿದು ನೂರರ ವೇಗದವರೆಗೂ ತಿರುಗಬೇಕು. ಇವೆರಡನ್ನು ಹೊಂದಿಸುವುದೇ ಗೇರ್ ಬಾಕ್ಸ್.

ಇನ್ನೊಂದು ತೊಡಕಿದೆ. ಗಾಡಿ ನಿಂತಾಗ ಚಕ್ರ ನಿಲ್ಲುತ್ತದೆ, ಎಂಜಿನ್ ನಿಲ್ಲುವಂತಿಲ್ಲ. ಹಾಗಾಗಿ ನಡುವೆ ಬಿಡಿಸಿ ಕೂಡಿಸುವ ಒಂದು ಕೊಂಡಿ ಬೇಕು. ಮ್ಯಾನ್ಯುಯಲ್‌ನಲ್ಲಿ ಅದು ಕ್ಲಚ್. ಆಟೋಮ್ಯಾಟಿಕ್ ಯಾವ ಜಾತಿಯದು, ಅದು ಎಲ್ಲಿ ಸವೆಯುತ್ತದೆ ಎಂಬುದನ್ನು ಬಹುಪಾಲು ಈ ಕೊಂಡಿಯೇ ತೀರ್ಮಾನಿಸುತ್ತದೆ.

ಒಂದೇ ಹೆಸರು, ನಾಲ್ಕು ಯಂತ್ರ

ಎಎಂಟಿ ಎಂದರೆ ನಮಗೆ ಗೊತ್ತಿರುವ ಮ್ಯಾನ್ಯುಯಲ್ ಗೇರ್ ಬಾಕ್ಸೇ. ಅದೇ ಕ್ಲಚ್ ಪ್ಲೇಟ್, ಅದೇ ಗೇರುಗಳು. ಕ್ಲಚ್ ಒತ್ತುವ ಕಾಲು, ಗೇರ್ ಬದಲಿಸುವ ಕೈ ಮಾತ್ರ ಯಂತ್ರದ್ದು. ಕೆಲವು ಕಂಪನಿಗಳು ಇದಕ್ಕೆ ಆಯಿಲ್ ಪಂಪ್ ಇಟ್ಟಿವೆ, ಕೆಲವು ಮೋಟರ್ ಇಟ್ಟಿವೆ. ಮಾರುತಿಯವರು ಇದನ್ನು ಎಜಿಎಸ್ ಎನ್ನುತ್ತಾರೆ. ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ತೂಗಿದಂತಾಗುವುದು ಇದರ ಹುಟ್ಟುಗುಣ, ಅದು ರೋಗವಲ್ಲ. ಸವೆಯುವುದು ಕ್ಲಚ್ ಪ್ಲೇಟ್. ಕೆಡುವುದು ಆ ಯಂತ್ರದ ಕಾಲು. ಲಿವರಿನಲ್ಲಿ 'ಪಿ' (ಪಾರ್ಕ್) ಎಂಬ ಅಕ್ಷರ ಇಲ್ಲದೆ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಮ್ಯಾನ್ಯುಯಲ್) ಮಾತ್ರ ಇದ್ದರೆ ಅದು ಬಹುತೇಕ ಎಎಂಟಿ.

ಟಾರ್ಕ್ ಕನ್ವರ್ಟರ್ ಹಳೆಯ ಜಾತಿ. ಇದರಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವುದು ಆಯಿಲ್. ಗಡಿಗೆಯಲ್ಲಿ ಕಡೆಗೋಲು ತಿರುಗಿಸಿದರೆ ಮಜ್ಜಿಗೆಯೂ ಸುತ್ತುತ್ತದಲ್ಲ, ಆ ಮಜ್ಜಿಗೆಯಲ್ಲಿ ಇನ್ನೊಂದು ಕಡೆಗೋಲು ಇಳಿಬಿಟ್ಟರೆ ಅದೂ ತಿರುಗತೊಡಗುತ್ತದೆ. ಒಂದನ್ನೊಂದು ಮುಟ್ಟದೆ ಬಲ ದಾಟುತ್ತದೆ. ವೇಗ ಒಂದು ಹದಕ್ಕೆ ಬಂದಮೇಲೆ ಒಳಗಿನ ಒಂದು ಕ್ಲಚ್ ಎರಡನ್ನೂ ಸೇರಿಸಿ ಬಿಗಿಯುತ್ತದೆ, ಅದಕ್ಕೆ ಲಾಕಪ್ ಎನ್ನುತ್ತಾರೆ. ಇಲ್ಲಿ ಆಯಿಲ್ ಇರುವುದು ಬರೀ ನುಣುಪಿಗಲ್ಲ. ಬಲ ದಾಟಿಸುವುದು, ಗೇರ್ ಬದಲಿಸುವುದು, ತಣಿಸುವುದು ಎಲ್ಲ ಅದೇ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಇದು ಬಹುಕಾಲ ಬಾಳುತ್ತದೆ.

ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ. ರಾಗಿ ಬೀಸುವ ಮಿಲ್ಲಿನಲ್ಲಿ ಮೋಟರಿನ ಗಾಲಿಯಿಂದ ಕಲ್ಲಿನ ಗಾಲಿಗೆ ಬೆಲ್ಟ್ ಹಾಕಿರುವುದನ್ನು ನೋಡಿದ್ದೀರಿ. ಆ ಎರಡು ಗಾಲಿಗಳು ಬೇಕೆಂದಾಗ ಹಿಗ್ಗಿ, ಬೇಕೆಂದಾಗ ಕುಗ್ಗುತ್ತವೆ ಎಂದುಕೊಳ್ಳಿ. ಅದೇ ಸಿವಿಟಿ. ಬೆಲ್ಟ್ ಮಾತ್ರ ಉಕ್ಕಿನದು. ಹೋಂಡಾ ಸಿಟಿಯಂಥ ಗಾಡಿಗಳಲ್ಲಿ ಇರುವುದು ಇದು. ಜೋರಾಗಿ ಆಕ್ಸಿಲೇಟರ್ ಒತ್ತಿದರೆ ಸದ್ದು ಮೊದಲು ಏರುತ್ತದೆ, ವೇಗ ಆಮೇಲೆ ಬರುತ್ತದೆ. ಅದೂ ಹುಟ್ಟುಗುಣವೇ. ಮಿಲ್ಲಿನ ಬೆಲ್ಟ್ ಜಾರಿದರೆ ಹೇಗೋ ಇಲ್ಲಿಯೂ ಹಾಗೆ, ಬೆಲ್ಟ್ ಜಾರತೊಡಗಿದರೆ ಗಾಲಿಯ ಮೈಯೇ ಗೀರುಬಿದ್ದು ಹಾಳಾಗುತ್ತದೆ. ಆಮೇಲೆ ಸಾಮಾನ್ಯವಾಗಿ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು.

ನಾಲ್ಕನೆಯದು ಡಿಸಿಟಿ, ಎರಡು ಕ್ಲಚ್ಚಿನದು. ಮದುವೆಮನೆ ಪಂಕ್ತಿಯಲ್ಲಿ ಅನ್ನ ಬಡಿಸುವವರು ಮುಂದೆ ಸರಿಯುವಷ್ಟರಲ್ಲಿ ಸಾರಿನ ಬಕೆಟ್ ಹಿಡಿದವರು ಸೌಟು ಎತ್ತಿ ನಿಂತಿರುತ್ತಾರೆ. ಹಾಗೆಯೇ ಒಂದು ಕ್ಲಚ್ 1, 3, 5, 7ನೇ ಗೇರುಗಳನ್ನೂ, ಇನ್ನೊಂದು 2, 4, 6ನ್ನೂ ನೋಡಿಕೊಳ್ಳುತ್ತದೆ. ಮುಂದಿನ ಗೇರ್ ಮೊದಲೇ ತಯಾರು. ಓಡಿಸಲು ಬಹಳ ಚೆನ್ನ. ಕೆಲವದರಲ್ಲಿ ಕ್ಲಚ್ ಆಯಿಲಿನಲ್ಲಿ ಮುಳುಗಿರುತ್ತದೆ, ಕೆಲವದರಲ್ಲಿ ಒಣಗಿರುತ್ತದೆ. ಒಣ ಕ್ಲಚ್ಚಿಗೆ ಆಮೆನಡೆಯ ಟ್ರಾಫಿಕ್ ಆಗಿಬರುವುದಿಲ್ಲ. ಗಾಡಿ ತೆವಳುವಾಗಲೆಲ್ಲ ಅದು ಅರ್ಧ ಹಿಡಿದು ಅರ್ಧ ಬಿಟ್ಟು ಕಾಯುತ್ತಲೇ ಇರುತ್ತದೆ.

ಮಾದರಿಯ ಹೆಸರನ್ನು ನಂಬಿ ಜಾತಿಯನ್ನು ಊಹಿಸಬೇಡಿ, ವರ್ಷ ನೋಡಿ. ಮಾರುತಿ ಬಲೆನೊ 2015ರಿಂದ ಸಿವಿಟಿಯಲ್ಲಿ ಬಂತು, 2022ರ ಹೊಸ ಬಲೆನೊದಲ್ಲಿ ಎಎಂಟಿ. ಫೋರ್ಡ್ ಇಕೋಸ್ಪೋರ್ಟ್ ಪೆಟ್ರೋಲ್ 2013ರಲ್ಲಿ ಎರಡು ಕ್ಲಚ್ಚಿನದು, 2017ರ ಕೊನೆಯಲ್ಲಿ ಬಂದ ಹೊಸ ರೂಪದಲ್ಲಿ ಟಾರ್ಕ್ ಕನ್ವರ್ಟರ್. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2013ರಲ್ಲಿ ಎರಡು ಕ್ಲಚ್ಚಿನದು, 2020ರ 1.0 ಎಂಜಿನ್ನಿನದು ಟಾರ್ಕ್ ಕನ್ವರ್ಟರ್. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುವ ಈ ಗಾಡಿಗಳ ಪರೀಕ್ಷೆಯೂ ಬೇರೆ, ಕೆಟ್ಟಾಗ ಆಗುವ ಖರ್ಚೂ ಬೇರೆ.

ಮೀಟರಿನಲ್ಲಿ ಕಾಣದ ಲೆಕ್ಕ

"ಬರೀ 60,000 ಓಡಿದೆ ಸಾರ್" ಎನ್ನುತ್ತಾರೆ. ಮೀಟರ್ ತಿರುಗಿಸದೆ ನಿಜವೇ ಹೇಳುತ್ತಿದ್ದಾರೆ ಎಂದುಕೊಳ್ಳೋಣ. ಬೆಂಗಳೂರಿನೊಳಗೆ ಗಂಟೆಗೆ ಸರಾಸರಿ 20 ಕಿಲೋಮೀಟರಿನಲ್ಲಿ ಓಡಿದ್ದರೆ ಆ ಗಾಡಿ 3,000 ಗಂಟೆ ಕೆಲಸ ಮಾಡಿದೆ. ತುಮಕೂರು, ಶಿರಾ ಹೈವೇಯಲ್ಲಿ ಸರಾಸರಿ 50ರಲ್ಲಿ ಓಡಿದ್ದರೆ 1,200 ಗಂಟೆ ಮಾತ್ರ. ಕಿಲೋಮೀಟರ್ ಒಂದೇ, ಗೇರ್ ಬಾಕ್ಸ್ ಪಟ್ಟ ಪಾಡು ಎರಡೂವರೆ ಪಟ್ಟು. ಹೈವೇಯಲ್ಲಿ ಟಾಪ್ ಗೇರಿಗೆ ಬಿದ್ದಮೇಲೆ ಅದಕ್ಕೆ ಹೆಚ್ಚು ಕೆಲಸವೂ ಇಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಒಂದು, ಎರಡು, ಮತ್ತೆ ಒಂದು ಎಂದು ಬದಲಿಸುತ್ತಲೇ ಇರಬೇಕಾದಾಗ ಕ್ಲಚ್ಚೂ ಆಯಿಲೂ ಕಾಯುತ್ತವೆ. ಆಯಿಲ್ ಕೆಡುವುದು ಆ ಬಿಸಿಯಿಂದ.

2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಏಳು ಗೇರಿನ ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಪೆಟ್ಟಿಗೆಯಿದ್ದ ಸುಮಾರು 16 ಲಕ್ಷ ಗಾಡಿಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ತುಂಬಿಸಿತು. ಬಿಸಿ ಮತ್ತು ತೇವದ ಹವೆಯಲ್ಲಿ, ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಆ ಆಯಿಲಿನಿಂದ ವಿದ್ಯುತ್ ದೋಷ ಕಾಣಿಸಿಕೊಳ್ಳಬಹುದು ಎಂಬುದು ಆಗ ಕೊಟ್ಟ ಕಾರಣ. ತಯಾರಿಸಿದವರೇ ಹವೆಯನ್ನೂ ಟ್ರಾಫಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಕೊಳ್ಳುವ ನಾವೂ ತೆಗೆದುಕೊಳ್ಳಬೇಕು. ಹಾಗಾಗಿ ಗಾಡಿ ಎಷ್ಟು ಓಡಿದೆ ಎಂದು ಕೇಳುವುದರ ಜೊತೆಗೆ ಎಲ್ಲಿ ಓಡಿದೆ ಎಂದೂ ಕೇಳಿ. ಕೆಎ 06 ನಂಬರ್ ಇದೆಯೆಂದು ತುಮಕೂರಿನಲ್ಲೇ ಓಡಿತ್ತು ಎನ್ನಲಾಗದು. ಸರ್ವಿಸ್ ಬಿಲ್ಲುಗಳ ಮೇಲಿನ ಊರಿನ ಹೆಸರು ನೋಡಿದರೆ ಎಲ್ಲಿ ಬಾಳಿದ ಗಾಡಿ ಎಂಬುದು ತಿಳಿಯುತ್ತದೆ.

ಕಾಗದದಲ್ಲಿ ಹುಡುಕಬೇಕಾದ ಒಂದು ಸಾಲು

ಎಲ್ಲ ಬಿಲ್ಲುಗಳಲ್ಲೂ ಎಂಜಿನ್ ಆಯಿಲ್ ಇರುತ್ತದೆ. ನೀವು ಹುಡುಕಬೇಕಾದ್ದು ಗೇರ್ ಬಾಕ್ಸ್ ಆಯಿಲ್ ಬದಲಿಸಿದ ಸಾಲು. ಎಟಿಎಫ್ ಎಂದೋ ಸಿವಿಟಿ ಫ್ಲೂಯಿಡ್ ಎಂದೋ ಬರೆದಿರುತ್ತದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದು ಗಾಡಿಯ ಪುಸ್ತಕದಲ್ಲಿದೆ. ಆ ಪುಸ್ತಕದಲ್ಲೇ 'ಕಠಿಣ ಬಳಕೆ'ಗೆ ಬೇರೆ ಲೆಕ್ಕ ಇರುವುದನ್ನು ಹೆಚ್ಚಿನವರು ಓದುವುದಿಲ್ಲ. ಟ್ರಾಫಿಕ್, ಧೂಳು, ಬಿಸಿಲು ಎಲ್ಲ ಕಠಿಣ ಬಳಕೆಗೇ ಸೇರುತ್ತವೆ. ಅಂದರೆ ನಮ್ಮ ದಿನನಿತ್ಯದ ಬಳಕೆ.

"ಇದು ಲೈಫ್‌ಟೈಮ್ ಆಯಿಲ್, ಬದಲಿಸೋ ಹಾಗೇ ಇಲ್ಲ" ಎಂಬ ಮಾತೂ ಬರುತ್ತದೆ. ಹಲವು ದೊಡ್ಡ ಗಾಡಿಗಳಿಗೆ ಆಟೋಮ್ಯಾಟಿಕ್ ತಯಾರಿಸಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಪೆಟ್ಟಿಗೆಗಳ ಆಯಿಲನ್ನು 80,000ದಿಂದ 1,20,000 ಕಿಲೋಮೀಟರಿನ ಒಳಗೆ ಬದಲಿಸಿ ಎನ್ನುತ್ತದೆ. ಲೈಫ್‌ಟೈಮ್ ಎಂಬ ಮಾತು ಮೊದಲ ಮಾಲೀಕರ ಕಾಲಕ್ಕೆ ಸರಿಹೋದೀತು. ನೀವು ಎರಡನೆಯವರು.

ಇನ್ನೊಂದು ವಿಷಯ ಸೂಕ್ಷ್ಮವಾದದ್ದು. ಎಂಟು ವರ್ಷ ಮುಟ್ಟದ ಗೇರ್ ಆಯಿಲನ್ನು ಮಾರುವ ಹಿಂದಿನ ವಾರ ಬದಲಿಸಿದ್ದರೆ ಖುಷಿಪಡಬೇಡಿ, ಯಾಕೆ ಬದಲಿಸಿದಿರಿ ಎಂದು ಕೇಳಿ. ನಡುಗುವ ಗೇರ್ ಬಾಕ್ಸಿಗೆ ಹೊಸ ಆಯಿಲ್ ಹಾಕಿದರೆ ನಡುಕ ಕೆಲವು ದಿನ ಅಡಗುವುದುಂಟು.

ಕಂಪನಿಗಳ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿದರೆ ಆ ಗಾಡಿಯನ್ನು ಯಾವುದಾದರೂ ದೋಷಕ್ಕೆ ವಾಪಸ್ ಕರೆಸಿದ್ದರೆ ಹಲವು ಕಡೆ ತೋರಿಸುತ್ತದೆ. ಎರಡು ನಿಮಿಷದ ಕೆಲಸ, ಮಾಡಿಬಿಡಿ.

ತಣ್ಣಗಿದ್ದಾಗ

ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಮೊದಲ ಸಲ ನೀವೇ ಸ್ಟಾರ್ಟ್ ಮಾಡಬೇಕು. ತಣ್ಣಗಿರುವಾಗ ಆಯಿಲ್ ಗಟ್ಟಿ, ರಬ್ಬರ್ ಸೀಲುಗಳು ಬಿರುಸು. ಸವೆದ ಭಾಗಗಳಿಗೆ ಒತ್ತಡ ಸಿಗಲು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷ ಓಡಿಸಿದರೆ ರಬ್ಬರ್ ಮೆತ್ತಗಾಗಿ ದೋಷ ಮುಚ್ಚಿಹೋಗುತ್ತದೆ. ಬಟವಾಡಿಯ ಗಾಡಿಯಲ್ಲಿ ನಡೆದದ್ದು ಇದೇ.

ಬ್ರೇಕ್ ಒತ್ತಿಕೊಂಡೇ ಎನ್‌ನಿಂದ ಡಿ, ಡಿಯಿಂದ ಎನ್, ಎನ್‌ನಿಂದ ಆರ್ ಎಂದು ನಿಧಾನವಾಗಿ ಬದಲಿಸಿ. ಟಾರ್ಕ್ ಕನ್ವರ್ಟರಿನಲ್ಲೂ ಸಿವಿಟಿಯಲ್ಲೂ ಡಿ ಅಥವಾ ಆರ್ ಹಾಕಿದ ಪ್ರತಿ ಸಲವೂ 'ಒಂದು' ಎಂದು ಎಣಿಸಿ ಮುಗಿಯುವಷ್ಟರಲ್ಲಿ ಗಾಡಿ ಮೆಲ್ಲಗೆ ಹಿಡಿದದ್ದು ಮೈಗೆ ತಿಳಿಯಬೇಕು. ಸಣ್ಣ ಸೆಳೆತ ಸರಿ. ಎರಡು ಮೂರು ಸೆಕೆಂಡ್ ತಡವಾಗಿ ಒದೆತ ಬಂದರೆ ಸರಿಯಲ್ಲ.

ಪಂಪ್ ಇರುವ ಎಎಂಟಿಗೆ ಒಂದು ವಿಶೇಷ ಪರೀಕ್ಷೆ ಇದೆ, ಇದಕ್ಕೆ ಬೆಳಗಿನ ನಿಶ್ಶಬ್ದವೇ ಬೇಕು. ಡ್ರೈವರ್ ಬಾಗಿಲು ತೆಗೆದ ಕೂಡಲೇ ಬಾನೆಟ್ ಕಡೆಯಿಂದ 'ಝುಂಯ್' ಎಂದು ಎರಡು ಮೂರು ಸೆಕೆಂಡ್ ಸದ್ದು ಬರುತ್ತದೆ. ಆಯಿಲಿಗೆ ಒತ್ತಡ ತುಂಬುವ ಪಂಪಿನ ಸದ್ದದು, ಬಂದರೆ ಒಳ್ಳೆಯದೇ. ಆದರೆ ಕೀ ಆನ್ ಮಾಡಿ ಏನೂ ಮುಟ್ಟದೆ ಕೂತಿದ್ದಾಗಲೂ ಕೆಲವೇ ಸೆಕೆಂಡಿಗೊಮ್ಮೆ ಅದು ಮತ್ತೆ ಮತ್ತೆ ಓಡುತ್ತಿದ್ದರೆ ತುಂಬಿದ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ. ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ. ಆ ಪಂಪ್ ಬೇಗ ಸುಟ್ಟುಹೋಗುತ್ತದೆ.

ಬಿ.ಎಚ್. ರಸ್ತೆಯಿಂದ ದೇವರಾಯನದುರ್ಗಕ್ಕೆ

ಒಂದು ಸುತ್ತು ಹಾಕಿ ತಂದು ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ. ಕನಿಷ್ಠ ನಲವತ್ತು ನಿಮಿಷ ಓಡಿಸಬೇಕು. ಮಾರುವವರು ಮುಖ ಗಂಟುಹಾಕಿಕೊಳ್ಳುತ್ತಾರೆ, ಅವರ ಕಷ್ಟವೂ ನ್ಯಾಯವೇ. ಐನೂರು ರೂಪಾಯಿಯ ಪೆಟ್ರೋಲ್ ನಾವೇ ಹಾಕಿಸುತ್ತೇವೆ, ನೀವೂ ಜೊತೆಗೆ ಕೂತುಕೊಳ್ಳಿ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಮೊದಲು ಪೇಟೆಯ ಜನಸಂದಣಿಯಲ್ಲಿ ಹದಿನೈದರ ವೇಗದೊಳಗೆ ತೆವಳಿಸಿ. ಒಂದರಿಂದ ಎರಡಕ್ಕೆ ಹೋಗುವಾಗ ಗಡಗಡ ನಡುಗಿದರೆ ಎಎಂಟಿಯಲ್ಲೂ ಡಿಸಿಟಿಯಲ್ಲೂ ಕ್ಲಚ್ ಮುಗಿಯುತ್ತ ಬಂದಿರಬಹುದು. ಸಿವಿಟಿ ಗಾಡಿ ನಿಂತಲ್ಲಿಂದ ಹೊರಡುವಾಗ ಮೈಯೆಲ್ಲ ಅದುರಿದರೆ ಅದೂ ಕೆಟ್ಟ ಲಕ್ಷಣ.

ಊರು ದಾಟಿದ ಮೇಲೆ ನಲವತ್ತರಿಂದ ಅರವತ್ತರ ನಡುವೆ ಆಕ್ಸಿಲೇಟರ್ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಂಡು ಒಂದೇ ಸಮ ಓಡಿಸಿ. ರಸ್ತೆ ನುಣ್ಣಗಿದ್ದರೂ ಗೀರು ಹಂಪುಗಳ ಮೇಲೆ ಹೋದ ಹಾಗೆ ಎರಡು ಸೆಕೆಂಡ್ 'ಬುರ್ರ್' ಎಂದರೆ ಅದು ಟಾರ್ಕ್ ಕನ್ವರ್ಟರಿನ ಲಾಕಪ್ ನಡುಕ. ಟೈರಿನ ದೋಷ ಎಂದು ಸಮಾಧಾನ ಹೇಳುತ್ತಾರೆ. ಟೈರಿನ ನಡುಕ ವೇಗದ ಜೊತೆ ಏರುತ್ತದೆ, ಇದು ಕಾಲು ತೆಗೆದ ಕೂಡಲೇ ನಿಲ್ಲುತ್ತದೆ. ಹಾಗೆ ಬೇರೆ ಮಾಡಿ ತಿಳಿಯಿರಿ. ಐವತ್ತರಲ್ಲಿದ್ದಾಗ ಒಮ್ಮೆ ಪೂರ್ತಿ ಒತ್ತಿ. ಗೇರ್ ಇಳಿದು ಗಾಡಿ ಮುನ್ನುಗ್ಗಬೇಕು. ಎಂಜಿನ್ ಮಾತ್ರ ಕೂಗಿ ಗಾಡಿ ಹಿಂದೆಯೇ ಉಳಿದರೆ ಒಳಗೆ ಏನೋ ಜಾರುತ್ತಿದೆ. ಸಿವಿಟಿಯಲ್ಲಿ ಮಾತ್ರ ಮೊದಲ ಕ್ಷಣದ ಕೂಗನ್ನು ಕ್ಷಮಿಸಿ, ಅದರ ಹಿಂದೆಯೇ ವೇಗ ಬರುತ್ತದೆಯೇ ನೋಡಿ.

ಆಮೇಲೆ ಬೆಟ್ಟ. ನಮ್ಮ ಅದೃಷ್ಟಕ್ಕೆ ದೇವರಾಯನದುರ್ಗ ಊರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿದೆ. ಕೋಲಾರದವರಿಗೂ ಚಿಕ್ಕಬಳ್ಳಾಪುರದವರಿಗೂ ಬೆಟ್ಟಕ್ಕೆ ಬರವಿಲ್ಲ, ನಂದಿಗೆ ಮಾತ್ರ ಶನಿವಾರ, ಭಾನುವಾರ ಹೋಗಬೇಡಿ. ನಾಮದ ಚಿಲುಮೆ ದಾಟಿ ಕಾಡಿನ ರಸ್ತೆಯಲ್ಲಿ ಹೋಗಿ, ಭೋಗನರಸಿಂಹ ದೇವಸ್ಥಾನದ ಊರಿನಿಂದ ಮೇಲಕ್ಕೆ ತಿರುವುಗಳಲ್ಲಿ ಹತ್ತುವ ಹೊತ್ತಿಗೆ ಆಯಿಲ್ ಚೆನ್ನಾಗಿ ಕಾದಿರುತ್ತದೆ. ಕಾದ ಆಯಿಲ್ ನೀರಿನಂತೆ ತೆಳ್ಳಗಾಗಿ ಸವೆದ ಸಂದುಗಳಲ್ಲಿ ಸೋರುತ್ತದೆ, ಒತ್ತಡ ಕುಸಿಯುತ್ತದೆ. ತಣ್ಣಗಿದ್ದಾಗ ಸರಿಯಿದ್ದ ಗೇರ್ ಈಗ ತಡವರಿಸಿದರೆ ಅದು ಬೇರೆಯೇ ರೋಗ. ಬೆಳಗಿನ ಪರೀಕ್ಷೆಯಲ್ಲಿ ಒಂದು ಬಗೆಯ ದೋಷ, ಬೆಟ್ಟದ ಪರೀಕ್ಷೆಯಲ್ಲಿ ಇನ್ನೊಂದು ಬಗೆಯದು ಹೊರಬೀಳುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ನೋಡಿದ ಹಾಗೆ.

ಹಿಂದೆ ಗಾಡಿಗಳಿಲ್ಲದ ಕಡೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಹೊರಡಿಸಿ. ಎಎಂಟಿಯನ್ನು ಒಂದೆರಡು ಅಡಿ ಏರಿನ ಕಡೆಗೆ ರಿವರ್ಸ್ ತೆಗೆದುಕೊಳ್ಳಿ. ಸವೆದ ಕ್ಲಚ್ ಇಲ್ಲಿ ಸುಟ್ಟ ವಾಸನೆ ಬಿಡುವ ಸಾಧ್ಯತೆ ಹೆಚ್ಚು. ಮೇಲೆ ತಲುಪಿ ಎರಡು ನಿಮಿಷ ಎಂಜಿನ್ ಆನ್ ಇಟ್ಟು, ಬೆಳಿಗ್ಗೆ ಮಾಡಿದ ಎನ್, ಡಿ, ಆರ್ ಎಣಿಕೆಯನ್ನು ಮತ್ತೆ ಮಾಡಿ.

ಒಂದು ಕೆಲಸ ಮಾತ್ರ ಮಾಡಬೇಡಿ. ಕೆಲವರು ಬ್ರೇಕ್ ಒತ್ತಿಹಿಡಿದು ಡಿಯಲ್ಲಿ ಆಕ್ಸಿಲೇಟರ್ ಪೂರ್ತಿ ಒತ್ತಿ 'ಪವರ್ ಚೆಕ್' ಮಾಡುತ್ತಾರೆ. ಕ್ಲಚ್ಚನ್ನೂ ಬೆಲ್ಟನ್ನೂ ನಿಮಿಷದಲ್ಲಿ ಹಾಳುಮಾಡಬಲ್ಲ ಕೆಲಸವದು. ಇನ್ನೊಬ್ಬರ ಗಾಡಿಗೆ ಅಂಥ ಅನ್ಯಾಯ ಮಾಡಬಾರದು.

ಆಯಿಲ್ ಹೇಳುವುದು

ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಕೆಳಗಿನಿಂದ ನೋಡಿ. ಆಯಿಲ್ ಪ್ಯಾನಿನ ಅಂಚು, ಆಕ್ಸಲ್ ಸೇರುವ ಜಾಗ, ಕೂಲರಿನ ಪೈಪುಗಳು ಒಣಗಿರಬೇಕು. ಅಲ್ಲಿ ಮಾತ್ರ ಈಗಷ್ಟೇ ತೊಳೆದು ಒರೆಸಿದ್ದರೆ ಯಾಕೆಂದು ಕೇಳಿ.

ಅಳೆಯುವ ಕಡ್ಡಿ ಇರುವ ಪೆಟ್ಟಿಗೆಯಾದರೆ ಬಿಳಿ ಕಾಗದದ ಮೇಲೆ ಎರಡು ಹನಿ ಬಿಡಿ. ಹೊಸ ಎಟಿಎಫ್ ಹೆಚ್ಚಾಗಿ ಕೆಂಪು. ಸಿವಿಟಿಯದು ಬೇರೆ ಬಣ್ಣಗಳಲ್ಲೂ ಬರುತ್ತದೆ, ಹಾಗಾಗಿ ಬಣ್ಣಕ್ಕಿಂತ ವಾಸನೆಯನ್ನು ನಂಬಿ. ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆಯ ಕಮಟು ನಮಗೆಲ್ಲ ಗೊತ್ತು. ಆ ಜಾತಿಯ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಸುಟ್ಟಿರುವ ಸಾಧ್ಯತೆ ಹೆಚ್ಚು. ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಲಸಿಹೋಗಿದ್ದರೆ ಕೂಲರಿನಿಂದಲೋ ಹೊರಗಿನಿಂದಲೋ ನೀರು ಸೇರಿದೆ. ಅಂಥ ಗಾಡಿಯನ್ನು ಅಲ್ಲಿಗೇ ಬಿಟ್ಟುಬಿಡಿ. ಕಡ್ಡಿ ಇಲ್ಲದ ಪೆಟ್ಟಿಗೆಯಲ್ಲಿ ಇದು ತಿಳಿದ ಮೆಕಾನಿಕ್ಕಿನ ಕೆಲಸ. ನಿಗದಿತ ಬಿಸಿಯಲ್ಲಿ ಮಾತ್ರ ಮಟ್ಟ ನೋಡಬೇಕಾಗುತ್ತದೆ.

ಸ್ಕ್ಯಾನರ್: ಅಳಿಸಿದ್ದೂ ಸಿಗುತ್ತದೆ

ಸ್ಟಿಯರಿಂಗ್ ಕೆಳಗೆ ಒಬಿಡಿ ಎಂಬ ಸಾಕೆಟ್ ಇದೆ. ಗಾಡಿಯ ಕಂಪ್ಯೂಟರ್ ತಾನು ಕಂಡ ದೋಷಗಳನ್ನು ಸಂಕೇತಗಳಾಗಿ ಬರೆದಿಟ್ಟುಕೊಂಡಿರುತ್ತದೆ. ಪಿ 07, ಪಿ 08 ಎಂದು ಶುರುವಾಗುವವು ಗೇರ್ ಬಾಕ್ಸಿನವು. ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನಗಳು ಬಹುಪಾಲು ಎಂಜಿನ್ನಿನದನ್ನು ಮಾತ್ರ ಓದುತ್ತವೆ. ಗೇರ್ ಬಾಕ್ಸಿನ ಕಂಪ್ಯೂಟರನ್ನು ಮಾತಾಡಿಸಬಲ್ಲ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ಕೆಲವು ಎಎಂಟಿಗಳಲ್ಲಿ ಕ್ಲಚ್ ಎಷ್ಟು ಸವೆದಿದೆ ಎಂಬ ಅಂಕಿಯೂ ಸಿಗುತ್ತದೆ.

"ಒಂದೂ ಕೋಡ್ ಇಲ್ಲ ನೋಡಿ" ಎಂದರೆ ಇನ್ನೊಂದು ಸಾಲನ್ನೂ ತೆಗೆಸಿ ನೋಡಿ: ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ? ಆ ಲೆಕ್ಕವನ್ನೂ ಕಂಪ್ಯೂಟರ್ ಇಟ್ಟಿರುತ್ತದೆ. ಅದು 12 ಎಂದು ತೋರಿಸಿದರೆ ನಿಮಗೆ ತೋರಿಸಲೆಂದೇ ಈಚೆಗೆ ಅಳಿಸಿರಬಹುದು. ಬೆಟ್ಟ ಹತ್ತಿ ಇಳಿದು ಬಂದಮೇಲೆ ಸ್ಕ್ಯಾನ್ ಮಾಡಿಸಿದರೆ ಅಳಿಸಿದ ದೋಷ ಮತ್ತೆ ಬರೆದುಕೊಂಡಿರುವ ಸಾಧ್ಯತೆ ಹೆಚ್ಚು. ಮೊದಲು ಓಟ, ಆಮೇಲೆ ಸ್ಕ್ಯಾನ್.

ನೀರು ಕುಡಿದ ಗಾಡಿ

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆಯ ಬಡಾವಣೆಗಳಲ್ಲಿ ಗಾಡಿಗಳು ಮುಳುಗಿದ್ದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಗೇರ್ ಬಾಕ್ಸಿಗೆ ಉಸಿರಾಡಲು ಸಣ್ಣ ರಂಧ್ರವಿರುತ್ತದೆ. ಬಿಸಿ ಪೆಟ್ಟಿಗೆ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಅಲ್ಲಿಂದ ನೀರನ್ನು ಎಳೆದುಕೊಳ್ಳುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ನೋಡಿ, ವೈರುಗಳ ಸಾಕೆಟ್ ಬಿಚ್ಚಿಸಿ ಹಸಿರು ಕಿಲುಬು ಕಟ್ಟಿದೆಯೇ ನೋಡಿ, ಇನ್ಶೂರೆನ್ಸ್ ಕ್ಲೇಮಿನ ವಿವರ ಕೇಳಿ.

ಎಲ್ಲಿ ಬೆಲೆ ಇಳಿಸಿ ಕೊಳ್ಳಬಹುದು, ಎಲ್ಲಿ ಎದ್ದು ಬರಬೇಕು

ಎಎಂಟಿಯ ಕ್ಲಚ್ ಪ್ಲೇಟ್ ಸವೆದಿದ್ದರೆ ಅದು ಸಾವಿರಗಳಲ್ಲಿ ಮುಗಿಯುವ ಖರ್ಚು, ಬೆಲೆಯಲ್ಲಿ ಅಷ್ಟು ಇಳಿಸಿ ಕೊಳ್ಳಬಹುದು. ಆಯಿಲ್ ಬದಲಿಸಿಲ್ಲ, ಆದರೆ ತಣ್ಣಗೂ ಬಿಸಿಯಾಗಿಯೂ ನಡತೆ ಸರಿಯಿದೆ ಎಂದರೂ ಹಾಗೆಯೇ. ಸಿವಿಟಿ ಜಾರುತ್ತಿದ್ದರೆ, ಡಿಸಿಟಿಯಲ್ಲಿ ಒಂದು ಬಿಟ್ಟು ಒಂದು ಗೇರ್ ಕಾಣೆಯಾಗುತ್ತಿದ್ದರೆ, ಟಾರ್ಕ್ ಕನ್ವರ್ಟರಿನ ಆಯಿಲ್ ಸುಟ್ಟು ನಾರುತ್ತಿದ್ದರೆ ಲೆಕ್ಕ ಲಕ್ಷ ದಾಟಬಹುದು. ಗಾಡಿಯ ಬೆಲೆಯೇ ನಾಲ್ಕು ಲಕ್ಷವಿದ್ದಾಗ ಎಷ್ಟು ಇಳಿಸಿಕೊಂಡರೂ ಅದು ಅಗ್ಗವಾಗುವುದಿಲ್ಲ.

ಬಟವಾಡಿಯ ಗಾಡಿಯನ್ನು ಬಿಟ್ಟು ಬಂದೆವು. ಅದರ ನಂತರ ಇನ್ನೂ ಮೂರು ನೋಡಿದೆವು. ಕೊನೆಗೆ ಭಾವ ಕೊಂಡದ್ದು ನೋಡಲು ಅಷ್ಟೇನೂ ಚೆಂದವಿಲ್ಲದ, ಬಂಪರ್ ಗೀಚಿಹೋದ ಒಂದು ಟಾರ್ಕ್ ಕನ್ವರ್ಟರ್ ಗಾಡಿ. ಗೇರ್ ಆಯಿಲ್ ಬದಲಿಸಿದ ಒಂದು ಬಿಲ್ ಇತ್ತು, ಬೆಳಿಗ್ಗೆ 'ಒಂದು' ಎನ್ನುವಷ್ಟರಲ್ಲಿ ಗೇರ್ ಹಿಡಿಯಿತು, ದುರ್ಗದ ಮೇಲೂ ಹಾಗೆಯೇ ಹಿಡಿಯಿತು.

ತಂದ ವಾರವೇ ಶಿರಾ ಗೇಟ್ ಕಡೆಯ ಒಂದು ಗ್ಯಾರೇಜಿನಲ್ಲಿ ಆಯಿಲ್ ಇಳಿಸಿಸಿದೆವು. ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಪ ಹತ್ತಿತ್ತು. ಮೆಕಾನಿಕ್ ಅದನ್ನು ಬೆರಳಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ ಉಜ್ಜಿ ನೋಡಿದ. ಚುಚ್ಚುವ ಚೂರು ಸಿಕ್ಕರೆ ಒಳಗೆ ಗೇರೋ ಬೇರಿಂಗೋ ಮುರಿಯುತ್ತಿದೆ ಎಂದು, ನುಣ್ಣಗಿದ್ದರೆ ವಯಸ್ಸಿಗೆ ತಕ್ಕ ಸವೆತ ಎಂದು ಲೆಕ್ಕ. ಭಾವನ ಬೆರಳಿಗೂ ಸ್ವಲ್ಪ ಹಚ್ಚಿದ. "ನೀವೇ ನೋಡಿ ಸಾರ್, ರಾಗಿ ಹಿಟ್ಟಿನ್ ಹಂಗಿದೆ."